ನಿಂತ ಲಾರಿಗಳ ರಸ್ತೆ

ಗೋಡೆಗಳ ಮೇಲೆ ಕೆಂಪು ಗುರುತು ಹಾಕಿದವರು ನಾವಲ್ಲ. ನಾವು ಆ ರಸ್ತೆಗೆ ಕಾಲಿಡುವ ಮೊದಲೇ ಯಾರೋ ಬಂದು, ರಸ್ತೆ ಅಗಲಕ್ಕೆ ಯಾವ ಗೋಡೆ ಎಲ್ಲಿಯತನಕ ಹೋಗುತ್ತದೆ ಎಂದು ಬಾಣ ಎಳೆದು ಹೋಗಿದ್ದರು. ಆದರೆ ಹಳದಿ ಜಾಕೀಟು ತೊಟ್ಟು, ಟೇಪು ಹಿಡಿದು ಜೀಪಿನಿಂದ ಇಳಿದ ನಮ್ಮನ್ನು ಕಂಡವರಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಮೊದಲು ಮಾತಾಡಿಸಿದವರು ಲಾರಿಗಳಿಗೆ ಟಾರ್ಪಾಲು ಹೊಲಿದುಕೊಡುವ ಅಂಗಡಿಯ ಹೆಂಗಸು. ಐವತ್ತರ ಆಸುಪಾಸು. ಬಾಣ ಅವರ ಅಂಗಡಿಯ ಒಳಗೆ, ಹೊಲಿಗೆ ಮಿಷನ್ನಿನ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಅಂದರೆ ಮಿಷನ್ನು, ಅವರು ಕೂರುವ ಸ್ಟೂಲು, ಎದುರಿನ ಕಟ್ಟೆ ಎಲ್ಲವೂ ಮುಂದಿನ ರಸ್ತೆಯಲ್ಲಿದ್ದವು.

"ಬಂದ್ಬುಟ್ರಾ?" ಎಂದರು. "ಇವತ್ತೇ ಕೆಡವ್ತೀರೋ, ಇಲ್ಲ ಮಿಷನ್ನು ಎತ್ತಿಟ್ಕೊಳಕ್ಕೆ ಟೈಮ್ ಕೊಡ್ತೀರೋ?"

"ಕೆಡವೋರು ನಾವಲ್ಲ ಕಣಮ್ಮ. ನಾವು ಲಾರಿ ಎಣಿಸೋರು."

"ಎಣಿಸಿದ್ಮೇಲೆ ಕೆಡವ್ತಾರಲ್ಲ. ಅದುಕ್ಕೇ ಕೇಳ್ದೆ."

ಅವರು ಹೇಳಿದ್ದು ನಮ್ಮ ಕೆಲಸದ ಸರಿಯಾದ ವಿವರಣೆಯೇ ಆಗಿತ್ತು.

ನಾನು ಸಂಚಾರ ಇಂಜಿನಿಯರು. ಒಂದು ರಸ್ತೆಯಲ್ಲಿ ಎಷ್ಟು ವಾಹನ ಓಡುತ್ತದೆ, ಮುಂದೆ ಎಷ್ಟು ಓಡಬಹುದು, ಅದಕ್ಕೆ ರಸ್ತೆ ಸಾಕೇ ಎಂದು ಅಧ್ಯಯನ ಮಾಡಿ ವರದಿ ಕೊಡುವ ಖಾಸಗಿ ಸಂಸ್ಥೆಯಲ್ಲಿ ಕೆಲಸ. ಈ ಸಲ ನಮಗೆ ಒಪ್ಪಿಸಿದ್ದು ಮೈಸೂರಿನ ವರ್ತುಲ ರಸ್ತೆಯಿಂದ ಒಳಕ್ಕೆ ಹೊರಳಿ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಕಡೆ ಬರುವ ಹೆದ್ದಾರಿಯ ಒಂದು ತುಂಡು. ಎರಡು ಪಥದ ರಸ್ತೆ. ಅದನ್ನು ನಾಲ್ಕು ಪಥ ಮಾಡಿ ನಡುವೆ ವಿಭಜಕ ಕಟ್ಟಬೇಕೆಂಬುದು ಯೋಜನೆ. ನಾನು ಇರುವುದು ವಿಜಯನಗರದಲ್ಲಿ, ಊರಿನ ಇನ್ನೊಂದು ಮಗ್ಗುಲು. ಬೆಳಗಿನ ಹೊತ್ತು ಆ ರಸ್ತೆಗೆ ಹೋಗುವ ಪ್ರಸಂಗವೇ ಬಂದಿರಲಿಲ್ಲ. ಹೋದ ಮೇಲೆ, ಊರಿನವರು ಯಾಕೆ ಅಷ್ಟು ಗೋಳಾಡುತ್ತಿದ್ದಾರೆಂದು ಅರ್ಥವಾಯಿತು. ಈರುಳ್ಳಿ, ಬೆಲ್ಲ, ಹಿಂಡಿ, ಸಿಮೆಂಟು ಹೊತ್ತ ಲಾರಿಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿರುತ್ತಿದ್ದವು. ನಡುವೆ ಸಿಕ್ಕಿದ ಸಿಟಿ ಬಸ್ಸಿನಿಂದ ಜನ ಇಳಿದು ನಡೆದೇ ಮುಂದಿನ ಸ್ಟಾಪಿಗೆ ಹೋಗುತ್ತಿದ್ದರು. ಶಾಲೆಯ ಆಟೋಗಳು ಚರಂಡಿಯ ಅಂಚಿನಲ್ಲಿ ಒಂದು ಚಕ್ರ ಇಟ್ಟು ನುಸುಳುತ್ತಿದ್ದವು. ಒಂದು ಬೆಳಿಗ್ಗೆ ಆಂಬುಲೆನ್ಸೊಂದು ನಮ್ಮ ಕಣ್ಣೆದುರೇ ಸಿಕ್ಕಿಕೊಂಡಿತು. ಒಳಗಿದ್ದ ಬಸುರಿಯ ತಾಯಿ ಕೆಳಗಿಳಿದು ಪ್ರತಿ ಲಾರಿಯ ಬಾಗಿಲು ತಟ್ಟುತ್ತಾ "ಸ್ವಲ್ಪ ಸರೀರಪ್ಪ, ಸ್ವಲ್ಪ ಸರೀರಪ್ಪ" ಎಂದು ಮುಂದೆ ಮುಂದೆ ನಡೆದರು. ಡ್ರೈವರುಗಳಿಗೂ ಸರಿಯುವ ಮನಸ್ಸಿತ್ತು, ಸರಿಯುವುದಕ್ಕೆ ಜಾಗ ಇರಲಿಲ್ಲ.

ಕೆಲಸ ಒಪ್ಪಿಸಿದ ಇಲಾಖೆಯ ಕಾರ್ಯಪಾಲಕ ಇಂಜಿನಿಯರು ಒರಟು ಮಾತಿನ, ಆದರೆ ಕೆಲಸ ಮುಗಿಸುವ ಮನುಷ್ಯ. ಮೊದಲ ಸಭೆಯಲ್ಲೇ ಹೇಳಿಬಿಟ್ಟರು: "ಬೆಳಿಗ್ಗೆ ಎದ್ರೆ ಫೋನು ಮೇಡಂ. ಆಂಬುಲೆನ್ಸ್ ನಿಂತಿದೆ ಅಂತ ಒಬ್ರು, ಮಗೂಗೆ ಪರೀಕ್ಷೆ ತಪ್ಪೋಯ್ತು ಅಂತ ಒಬ್ರು. ರೋಡು ಅಗಲ ಮಾಡೋದಂತೂ ಮಾಡೋದೇ. ಎಷ್ಟು ಅಗಲ ಅಂತ ನೀವು ಹೇಳಿ, ಸಾಕು."

ನನಗೂ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕೆಲಸ ಎಂದಿನಂತೆ ಗಣತಿಯಿಂದ ಶುರುವಾಯಿತು. ವರ್ತುಲ ರಸ್ತೆಯ ತುದಿಯಲ್ಲೊಂದು, ಮಂಡಿಯ ತುದಿಯಲ್ಲೊಂದು ಕಂಬ ನೆಟ್ಟು ಕ್ಯಾಮೆರಾ ಕಟ್ಟಿದೆವು. ಬಸ್ಸು, ಲಾರಿ, ಕಾರು, ಸ್ಕೂಟರು, ಸೈಕಲ್ಲು ಎಂದು ಬೇರೆ ಬೇರೆ ಎಣಿಸಬೇಕು. ರಸ್ತೆಯ ಲೆಕ್ಕದಲ್ಲಿ ಒಂದು ಲಾರಿ ಕೆಲವು ಕಾರುಗಳಿಗೆ ಸಮ. ಜೊತೆಗೆ ಲಾರಿಗಳನ್ನು ನಿಲ್ಲಿಸಿ, ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗುತ್ತೀರಿ, ಏನು ಮಾಲು ಎಂದು ಕೇಳುವ ಸಮೀಕ್ಷೆ. ಇನ್ನೊಂದು, ನಮ್ಮದೇ ಕಾರಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಿ, ಎಲ್ಲಿ ಎಷ್ಟು ತಡವಾಯಿತು ಎಂದು ಅಳೆಯುವುದು.

ಎರಡು ಕೆಲಸ ಮೊದಲ ವಾರವೇ ಕೆಟ್ಟವು. ಡ್ರೈವರುಗಳನ್ನು ಪ್ರಶ್ನೆ ಕೇಳಲು ನಾವು ಲಾರಿ ನಿಲ್ಲಿಸಿದ್ದೇ, ಮೊದಲೇ ಉಸಿರುಗಟ್ಟಿದ್ದ ರಸ್ತೆ ಪೂರ್ತಿ ಕಟ್ಟಿಕೊಂಡಿತು. ಸಂಚಾರ ಪೊಲೀಸ್ ಇನ್ಸ್‌ಪೆಕ್ಟರು ಬೈಕಿನಲ್ಲಿ ಬಂದು, "ಟ್ರಾಫಿಕ್ ಕಮ್ಮಿ ಮಾಡಕ್ಕೆ ಬಂದೋರೇ ಹಿಂಗ್ ಮಾಡುದ್ರೆ ಎಂಗೆ ಮೇಡಂ?" ಎಂದು ಸಮೀಕ್ಷೆಯನ್ನು ಎತ್ತಿಸಿದರು. ಅವರದು ನ್ಯಾಯವಾಗಿತ್ತು. ಆಮೇಲೆ ನಾವು ನಿಂತಿದ್ದ ಲಾರಿಗಳ ಪಕ್ಕದಲ್ಲೇ ನಡೆಯುತ್ತಾ, ಕ್ಯಾಬಿನ್ನಿನ ಕಿಟಕಿಗೆ ಕತ್ತೆತ್ತಿ ಪ್ರಶ್ನೆ ಕೇಳತೊಡಗಿದೆವು. ಅವು ಹೇಗೂ ಚಲಿಸುತ್ತಿರಲಿಲ್ಲವಲ್ಲ.

ಇನ್ನೊಂದು, ಮಂಡಿ ತುದಿಯ ಕ್ಯಾಮೆರಾದ್ದು. ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುವ ಫ್ಲೆಕ್ಸನ್ನು ಅವರ ಅಭಿಮಾನಿಗಳು ನಮ್ಮ ಕಂಬಕ್ಕೇ ಬಿಗಿದಿದ್ದರು. ಇಡೀ ದಿನದ ವಿಡಿಯೋದಲ್ಲಿ ಗಾಳಿಗೆ ಉಬ್ಬುತ್ತಾ ಇಳಿಯುತ್ತಾ ಇದ್ದ ಫ್ಲೆಕ್ಸಿನ ಬಿಳಿ ಬೆನ್ನು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಮೊದಲಿನಿಂದ.

ಕೊನೆಗೂ ಅಂಕಿಗಳು ಕೈಗೆ ಬಂದಾಗ ಅವು ಒಂದಕ್ಕೊಂದು ಹೊಂದಲಿಲ್ಲ. ನನ್ನ ಜೊತೆಗಿದ್ದ ಕಿರಿಯ ಇಂಜಿನಿಯರು ಸಿದ್ಧಾರ್ಥನಗರದ ಹುಡುಗಿ. ಎಂ.ಟೆಕ್ ಮುಗಿಸಿ ಬಂದವಳು. ದಾಕ್ಷಿಣ್ಯವಿಲ್ಲದೆ ಪ್ರಶ್ನೆ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿ ಹೇಳಿದಳು: "ಮೇಡಂ, ಇಷ್ಟು ಗಾಡಿಗೆ ಈ ರಸ್ತೆ ಹೀಗೆ ಕಟ್ಕೋಬಾರದು. ಬಿಗಿಯಾಗಿರಬೇಕು, ಒಪ್ತೀನಿ. ಆದ್ರೆ ನಿಂತೇ ಹೋಗ್ಬಾರದು."

ಗುಣಾಕಾರ ತಪ್ಪಿರಬೇಕೆಂದು ನಾನೇ ಕೂತು ಇನ್ನೊಮ್ಮೆ ಮಾಡಿದೆ. ತಪ್ಪಿರಲಿಲ್ಲ. ಲಾರಿಗಳ ಸಂಖ್ಯೆ ಜಾಸ್ತಿಯೇ ಇತ್ತು; ಆದರೂ ಎರಡು ಪಥ ಹೊರಲಾರದಷ್ಟು ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಡ್ರೈವರುಗಳು ಕೊಟ್ಟ ಉತ್ತರ. ಈ ಲಾರಿಗಳು ಊರನ್ನು ಹಾದು ಬೇರೆ ಕಡೆ ಹೋಗುತ್ತಿವೆ ಎಂಬ ನಂಬಿಕೆಯ ಮೇಲೆ ಇಡೀ ಯೋಜನೆ ನಿಂತಿತ್ತು. ನಾವು ಕೇಳಿದ ಡ್ರೈವರುಗಳಲ್ಲಿ ಬಹುಪಾಲು ಜನ "ಮಂಡಿಗೆ" ಎಂದೇ ಹೇಳಿದ್ದರು.

ಬೇರೆ ದಾರಿ ಕಾಣದೆ ಇಬ್ಬರೂ ವಿಡಿಯೋ ಮುಂದೆ ಕೂತೆವು. ಲೆಕ್ಕಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಅವಳು, "ಈ ನವಿಲು ಆಗ್ಲೇ ಬಂದಿತ್ತಲ್ವಾ?" ಎಂದಳು. ಹಿಂಬಾಗಿಲಿನ ಮೇಲೆ ನವಿಲು ಬರೆಸಿದ ಲಾರಿ. ಲಾರಿಗಳ ಮೇಲೆ ನವಿಲಿಗೇನು ಬರ, ಎಂದೆ. ಅವಳು ಹಿಂದಕ್ಕೆ ಓಡಿಸಿ ನಂಬರು ನೋಡಿದಳು. ಅದೇ ಲಾರಿ. ಒಳಗೆ ಹೋಗಿತ್ತು, ಖಾಲಿಯಾಗದೆಯೇ ಹೊರಗೆ ಬಂದಿತ್ತು, ಮತ್ತೆ ಒಳಗೆ ಹೊರಟಿತ್ತು. ಟಾರ್ಪಾಲಿನ ಹಗ್ಗದ ಗಂಟು ಕೂಡ ಬಿಚ್ಚಿರಲಿಲ್ಲ.

ಮುಂದಿನ ಕೆಲವು ದಿನ ಎರಡೂ ಕ್ಯಾಮೆರಾಗಳ ವಿಡಿಯೋದಿಂದ ಲಾರಿಗಳ ನಂಬರು ತೆಗೆದು ಒಂದಕ್ಕೊಂದು ತಾಳೆ ಹಾಕಿದೆವು. ಕಣ್ಣು ಉರಿಯುವ ಕೆಲಸ. ಮುಗಿದಾಗ ಆ ರಸ್ತೆಯ ಬೆಳಗು ನಮಗೆ ಅರ್ಥವಾಗಿತ್ತು. ಮಂಡಿಯ ಒಳಬೀದಿಗಳು ಇಕ್ಕಟ್ಟು. ಒಂದು ಬೀದಿಯಲ್ಲಿ ಒಂದು ಲಾರಿ ಇಳಿಯುತ್ತಿದ್ದರೆ ಇನ್ನೊಂದು ಒಳಗೆ ಬರಲಾಗದು. ಉಳಿದವು ತಮ್ಮ ಸರದಿಗಾಗಿ ಹೆದ್ದಾರಿಯಲ್ಲೇ ಕಾಯುತ್ತವೆ. ಪೊಲೀಸರು ಎಬ್ಬಿಸಿದರೆ ವರ್ತುಲ ರಸ್ತೆಯವರೆಗೆ ಹೋಗಿ, ತಿರುಗಿ, ಮತ್ತೆ ಬಂದು ಬಾಲದಲ್ಲಿ ನಿಲ್ಲುತ್ತವೆ. ಒಂದೇ ಲಾರಿಯನ್ನು ನಾವು ಎರಡು ಸಲ, ಮೂರು ಸಲ ಎಣಿಸಿದ್ದೆವು. ಆ ರಸ್ತೆಯಲ್ಲಿ ಓಡುವ ಲಾರಿಗಳಿಗಿಂತ ಕಾಯುವ ಲಾರಿಗಳು ಹೆಚ್ಚು.

ಹಾಗಾದರೆ ಅಗಲ ಮಾಡಿದರೆ ಏನಾಗುತ್ತದೆ? ಅದಕ್ಕೆ ಲೆಕ್ಕ ಬೇಕಿರಲಿಲ್ಲ. ಇದೇ ಹೆದ್ದಾರಿಯ ಹೊರಭಾಗದ ಒಂದು ತುಂಡನ್ನು ಹಿಂದೆಯೇ ನಾಲ್ಕು ಪಥ ಮಾಡಿದ್ದರು. ನಾವಿಬ್ಬರೂ ಅಲ್ಲಿಗೆ ಹೋಗಿ ನಿಂತೆವು. ಎಡಗಡೆಯ ಪಥದುದ್ದಕ್ಕೂ ಲಾರಿಗಳು ಸಾಲಾಗಿ ನಿಂತಿದ್ದವು. ಕೆಳಗೆ ಚಾಪೆ ಹಾಸಿ ಡ್ರೈವರುಗಳು ಮಲಗಿದ್ದರು. ಒಬ್ಬರು ಸ್ಟವ್ ಹೊತ್ತಿಸಿ ಅನ್ನಕ್ಕಿಟ್ಟಿದ್ದರು. ಹೊಸ ಡಾಂಬರಿನ ಮೇಲೆ, ಬಿಳಿ ಪಟ್ಟಿಯ ಪಕ್ಕದಲ್ಲೇ.

ಸಂಸ್ಥೆಯ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿ ಇರಬಹುದು. ಆದ್ರೆ ಅವರು ಕೇಳಿರೋದು ಎಷ್ಟು ಅಗಲ ಅಂತ. ಅದನ್ನ ಬರೀರಿ. ನಿಮ್ಮ ಲಾರಿ ನಿಲ್ಲೋ ವಿಷಯ ಕೊನೇ ಅಧ್ಯಾಯದಲ್ಲಿ ಹಾಕಿ, ಯಾರು ಬೇಡ ಅಂತಾರೆ?"

ಕೊನೆಯ ಅಧ್ಯಾಯವನ್ನು ಯಾರು ಓದುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಪಥದ ನಕ್ಷೆ ಆಗಲೇ ತಯಾರಿತ್ತು. ಅದನ್ನು ಸೇರಿಸಿ ವರದಿ ಕೊಟ್ಟಿದ್ದರೆ ಯಾರೂ ನನ್ನತ್ತ ಬೆರಳು ತೋರಿಸುತ್ತಿರಲಿಲ್ಲ. ರಸ್ತೆ ಅಗಲವಾಗುತ್ತಿತ್ತು, ಫೋಟೋಗಳು ಬರುತ್ತಿದ್ದವು, ಕೆಲವು ಕಾಲ ಎಲ್ಲರೂ ಖುಷಿಯಾಗಿರುತ್ತಿದ್ದರು. ಆಮೇಲೆ ಆ ಬಸುರಿಯ ತಾಯಿಯಂಥವರು ಇನ್ನೊಂದು ಪಥದ ಲಾರಿಗಳ ಬಾಗಿಲನ್ನೂ ತಟ್ಟಬೇಕಾಗುತ್ತಿತ್ತು. ಎರಡು ದಿನ ಆ ನಕ್ಷೆಯನ್ನು ತೆರೆಯುವುದು, ಮುಚ್ಚುವುದು ಮಾಡಿದೆ. ಮೂರನೆಯ ದಿನ ವರದಿ ಬರೆಯುವುದನ್ನು ನಿಲ್ಲಿಸಿ ಕಾರ್ಯಪಾಲಕ ಇಂಜಿನಿಯರ ಕಚೇರಿಗೆ ಹೋದೆ.

ನವಿಲಿನ ಲಾರಿಯ ವಿಡಿಯೋ ತೋರಿಸಿದೆ. ಹೊರಭಾಗದ ಎಡಪಥದ ಫೋಟೋ ತೋರಿಸಿದೆ. ಅವರ ಮುಖ ಬಿಗಿಯಿತು.

"ಅಂದ್ರೆ ಅಗಲ ಮಾಡ್ಬೇಡಿ ಅಂತೀರಾ? ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ."

"ಅಗಲ ಮಾಡಿದ ಜಾಗದಲ್ಲೂ ಲಾರಿ ನಿಲ್ಲುತ್ತೆ ಅಂತಿದೀನಿ ಸಾರ್. ಮೊದಲು ನಿಲ್ಲೋ ಲಾರಿಗೆ ಬೇರೆ ಜಾಗ ಕೊಟ್ಟು ನೋಡೋಣ. ವರ್ತುಲ ರಸ್ತೆ ಆಚೆ ನಿಮ್ಮ ಇಲಾಖೆಯದೇ ಖಾಲಿ ಜಾಗ ಇದೆ. ಲಾರಿಗಳು ಅಲ್ಲಿ ಕಾಯಲಿ. ಅಂಗಡಿಯ ಮುಂದೆ ಜಾಗ ಆದಾಗ ಫೋನು ಮಾಡಿ ಕರೆಸಿಕೊಳ್ಳಲಿ. ಒಂದು ವಾರ ಪ್ರಯೋಗ."

"ಆಗ್ಲಿಲ್ಲ ಅಂದ್ರೆ?"

"ನಾಲ್ಕು ಪಥ ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ಕೊನೇ ಅಧ್ಯಾಯನೂ ಇರಲ್ಲ."

ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ಒಂದ್ ವಾರ," ಎಂದರು ಕೊನೆಗೆ. "ಪೊಲೀಸ್ನೋರನ್ನ, ಮಂಡಿಯೋರನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ."

ಇನ್ಸ್‌ಪೆಕ್ಟರು ಬೇಗ ಒಪ್ಪಿದರು. ದಿನಾ ಅದೇ ಲಾರಿಗಳನ್ನು ಎಬ್ಬಿಸಿ ಎಬ್ಬಿಸಿ ಅವರಿಗೂ ಸಾಕಾಗಿತ್ತು. ಮಂಡಿಯವರು ಒಪ್ಪಲಿಲ್ಲ. ಒಂದು ಈರುಳ್ಳಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸಭೆ ಸೇರಿದ್ದೆವು. ಮೂಟೆಗಳ ಮೇಲೆ ವರ್ತಕರು, ಬಾಗಿಲಿಗೆ ಒರಗಿ ಹಮಾಲಿಗಳು. ಅಂಗಡಿಯ ಯಜಮಾನರು ತಣ್ಣಗೆ ಹೇಳಿದರು: "ನನ್ ಮಾಲು ನನ್ ಕಣ್ಣಿಗೆ ಕಾಣ್ಬೇಕು ಕಣ್ರೀ. ಅಲ್ಲೆಲ್ಲೋ ಬಯಲಲ್ಲಿ ನಿಲ್ಸುದ್ರೆ ಬಿಸಿಲಿಗೆ ಬೆಂದೋಯ್ತದೆ. ಬೆಂದಿದ್ದುಕ್ಕೆ ಯಾರು ಹೊಣೆ?"

ಹಮಾಲಿಗಳ ಮುಖಂಡ ಎತ್ತರದ ಆಳು. ಅವನ ಚಿಂತೆ ಬೇರೆ. "ಲಾರಿ ಕಣ್ಮುಂದೆ ನಿಂತಿದ್ರೆ ನಮ್ಮೋರ್ಗೆ ಇವತ್ತು ಕೆಲ್ಸ ಐತೆ ಅಂತ ಧೈರ್ಯ. ಅಲ್ಲೇ ಯಾರಾರಾ ಬೇರೆ ಗುಂಪ್ನೋರು ಇಳಿಸ್ಕಬುಟ್ರೆ ನಾವೇನ್ ಮಾಡಾದು?"

"ಅಲ್ಲಿ ಯಾರೂ ಮಾಲು ಇಳಿಸಲ್ಲ. ಬರೀ ನಿಲ್ಲೋದು."

"ನೀವೇಳ್ತೀರಿ. ನಾಳೆ ನೀವಿರ್ತೀರಾ?"

ಅವನ ಪ್ರಶ್ನೆಯಲ್ಲಿ ಹುರುಳಿತ್ತು. ಆ ವಾರ ಪೂರ್ತಿ ನಾನೇ ಆ ಬಯಲಿನಲ್ಲಿ ನಿಂತಿರುತ್ತೇನೆ ಎಂದೆ. ಬೇಕಾದರೆ ಅವನ ಕಡೆಯವರೂ ಬಂದು ನಿಲ್ಲಬಹುದು ಎಂದೆ. ಅದಕ್ಕೂ ತಲೆ ಆಡಿಸಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಒಂದು ವಾರ ತಾನೇ, ನೋಡೋಣ ಬುಡಿ, ಎಂದು ಮೂಲೆಯಿಂದ ಯಾರೋ ಅಂದರು. ನಮಗೆ ಸಿಕ್ಕಿದ ಒಪ್ಪಿಗೆ ಅಷ್ಟೇ.

ಹೊರಗೆ ಬಂದಾಗ ಟಾರ್ಪಾಲಿನ ಅಂಗಡಿಯ ಹೆಂಗಸು ಕಾಯುತ್ತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು. ನಾನು ಸ್ವಲ್ಪ ಹೆಮ್ಮೆಯಿಂದಲೇ, "ಇದು ಆದರೆ ನಿಮ್ಮ ಅಂಗಡಿ ಮುಟ್ಟೋ ಹಾಗಿಲ್ಲಮ್ಮ," ಎಂದೆ.

ಅವರ ಮುಖ ಅರಳಲಿಲ್ಲ. "ಲಾರಿ ನಿಂತ್ಕಂಡಾಗ್ಲೇ ತಾನೇ ಡ್ರೈವರ್ರು ಇಳ್ದು ಬಂದು ಅರ್ದೋಗಿರೋ ಟಾರ್ಪಾಲು ಕೊಡೋದು? ಓಡೋ ಲಾರಿ ನಿಲ್ಸಿ ಯಾರು ಹೊಲಿಸ್ಕತಾರೆ? ಗೋಡೆ ಉಳುಸ್ತೀರಿ, ಗಿರಾಕಿ ಕಳುಸ್ತೀರಿ. ಅಷ್ಟೇ ತಾನೇ?"

ನಾನು ಇಷ್ಟು ದಿನ ಆ ರಸ್ತೆಯಲ್ಲಿ ನಿಂತ ಲಾರಿಯನ್ನು ರೋಗದ ಹಾಗೆ ನೋಡಿದ್ದೆ. ಅದರ ನೆರಳಿನಲ್ಲಿ ಬದುಕುವವರ ಲೆಕ್ಕ ನಮ್ಮ ಗಣತಿಯಲ್ಲಿ ಇರಲಿಲ್ಲ. ಪಂಕ್ಚರ್ ಅಂಗಡಿ, ಟೀ ಗಾಡಿ, ಹಗ್ಗ ಮಾರುವವನು. "ಯೋಚ್ನೆ ಮಾಡ್ತೀನಿ," ಎಂದಷ್ಟೇ ಹೇಳಿ ಬಂದೆ.

ಪ್ರಯೋಗದ ಮೊದಲ ಬೆಳಿಗ್ಗೆ ಎಲ್ಲವೂ ಎಡವಟ್ಟಾಯಿತು. ಮುಳ್ಳುಪೊದೆ ಸವರಿಸಿ, ನೀರಿನ ಟ್ಯಾಂಕರು ನಿಲ್ಲಿಸಿ, ಶೌಚಾಲಯದ ಗಾಡಿ ತರಿಸಿ ಬಯಲನ್ನು ತಕ್ಕಮಟ್ಟಿಗೆ ಸಿದ್ಧ ಮಾಡಿದ್ದೆವು. ಪೊಲೀಸರು ಲಾರಿಗಳನ್ನು ಅಲ್ಲಿಗೆ ತಿರುಗಿಸಿದರು. ಅಂಗಡಿಗಳಿಂದ ಡ್ರೈವರುಗಳಿಗೆ ಫೋನು ಬರಬೇಕು, ಬಂದವರು ಹೊರಡಬೇಕು. ಮೊದಲು ಬಂದ ಲಾರಿಗೆ ಫೋನು ಬರಲಿಲ್ಲ, ಆಮೇಲೆ ಬಂದದ್ದಕ್ಕೆ ಬಂತು. ಅದರ ಡ್ರೈವರು ಗಾಡಿ ಸ್ಟಾರ್ಟ್ ಮಾಡಿದ್ದೇ ಪಕ್ಕದವನು, "ಇವ್ನಿಗೆ ಮಾತ್ರ ಯಾಕೆ?" ಎಂದು ತಾನೂ ಹೊರಟ. ಅವನನ್ನು ನೋಡಿ ಇನ್ನೊಬ್ಬ. ನೋಡುನೋಡುತ್ತಲೇ ಬಯಲಿನ ಎಲ್ಲ ಲಾರಿಗಳೂ ಇದ್ದ ಒಂದೇ ಬಾಗಿಲಿಗೆ ಮುಖ ಮಾಡಿದವು. ಒಳಗೆ ಬರುವ ಲಾರಿಗಳು ಎದುರಾದವು. ಸಾಲು ಬಯಲಿನಿಂದ ವರ್ತುಲ ರಸ್ತೆಗೆ ಚಾಚಿತು.

ಕಾರ್ಯಪಾಲಕ ಇಂಜಿನಿಯರು ಬಂದು ಜೀಪಿನ ಪಕ್ಕ ಕೈಕಟ್ಟಿ ನಿಂತಿದ್ದರು. ನಾನು ಹತ್ತಿರ ಹೋದಾಗ ಬೈಯಲಿಲ್ಲ. "ಅಲ್ಲಿದ್ದ ಗಂಟನ್ನ ಇಲ್ಲಿಗೆ ತಂದು ಕಟ್ಟಿದ್ರಿ," ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಗಂಟು ಬಿಡಿಸುವುದಕ್ಕೆ ಮಧ್ಯಾಹ್ನವಾಯಿತು. ಬಿಸಿಲಿಗೆ ಲಾರಿಯ ನೆರಳಲ್ಲೇ ಕೂತೆವು: ನಾನು, ಕಿರಿಯ ಇಂಜಿನಿಯರು, ನಮ್ಮ ಸೋಲು ನೋಡಲೆಂದೇ ಬಂದಂತಿದ್ದ ಹಮಾಲಿ ಮುಖಂಡ, ಉಳಿದ ಒಂದಿಷ್ಟು ಡ್ರೈವರುಗಳು. ಏನು ಕೆಟ್ಟಿತು ಎಂದು ಕೇಳಿದೆ. ಅವರು ಹೇಳಿದ್ದೆಲ್ಲ ಒಂದೇ ಕಡೆಗೆ ಹೋಗುತ್ತಿತ್ತು. ಫೋನು ಅವರವರ ಕಿವಿಗೆ ಮಾತ್ರ ಕೇಳುತ್ತದೆ. ಯಾರ ಸರದಿ, ಯಾಕೆ ಅವನ ಸರದಿ ಎಂದು ಉಳಿದವರಿಗೆ ಗೊತ್ತಾಗುವುದಿಲ್ಲ. ಕಾಯಲು ಯಾರಿಗೂ ಬೇಸರವಿರಲಿಲ್ಲ. ತಾವು ಕಾಯುತ್ತಿರುವಾಗ ಬೇರೆಯವನು ನುಗ್ಗಿಬಿಟ್ಟಾನು ಎಂಬ ಭಯ ಇತ್ತು.

"ಹಂಗಾದ್ರೆ ಎಲ್ಲರಿಗೂ ಕೇಳೋ ಹಾಗೆ ಕೂಗಿಬಿಡೋಣ," ಎಂದಳು ನನ್ನ ಕಿರಿಯ ಇಂಜಿನಿಯರು. "ಅಂಗಡಿಯವರು ಫೋನು ಇಲ್ಲಿ ಒಬ್ಬರಿಗೇ ಮಾಡ್ಲಿ. ಮದುವೆ ಮನೆ ಮೈಕ್ ಸೆಟ್ ತರೋಣ. ಇಂಥ ಅಂಗಡಿಗೆ ಜಾಗ ಆಯ್ತು, ಇಂಥ ಲಾರಿ ಹೊರಡಲಿ ಅಂತ."

"ಯಾರು ಕೂಗೋದು?" ಎಂದೆ. "ನಾವು ಕೂಗಿದ್ರೆ ನಂಬ್ತಾರಾ?"

ಹಮಾಲಿ ಮುಖಂಡ ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಾ ಕೂತಿದ್ದ. ಎಲ್ಲ ಡ್ರೈವರುಗಳಿಗೂ ಪರಿಚಯದ ಮುಖ ಅವನದೊಂದೇ. ಅದು ಅವನಿಗೂ ಗೊತ್ತಿತ್ತು, ಹಾಗೆಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದನೇನೋ. "ನೀವೇ ಕೂಗ್ಬೇಕು," ಎಂದೆ. "ಆಗ ಬೇರೆ ಗುಂಪಿನೋರು ಇಲ್ಲಿ ಮೂಟೆ ಮುಟ್ಟಿದ್ರೂ ನಿಮ್ಮ ಕಣ್ಣಿಗೇ ಬೀಳುತ್ತೆ."

ಅವನು ಕಡ್ಡಿ ಎಸೆದ. "ನನ್ ಗಂಟ್ಲಿಗೆ ಮೈಕ್ ಬೇರೆ ಬೇಕಾ?" ಎಂದ. ಡ್ರೈವರುಗಳು ನಕ್ಕರು. ಆ ದಿನ ಅಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಈರುಳ್ಳಿ ಯಜಮಾನರಿಗೂ ಮಾತು ಕೊಟ್ಟೆ: ಬಿಸಿಲಿಗೆ ಬಾಡುವ ಮಾಲು ಮೊದಲು, ಸಿಮೆಂಟು, ಹಿಂಡಿ ಆಮೇಲೆ. ಉಳಿದದ್ದು ಬಾಗಿಲು. ಬಯಲಿನ ಇನ್ನೊಂದು ಬದಿಗೆ ಕಟ್ಟಡದ ಮಣ್ಣಿನ ರಾಶಿ ಬಿದ್ದಿತ್ತು. ಅದನ್ನು ಸರಿಸಿದರೆ ಹೊರಗೆ ಹೋಗಲು ಬೇರೆ ದಾರಿಯಾಗುತ್ತದೆ. ಕಾರ್ಯಪಾಲಕ ಇಂಜಿನಿಯರಿಗೆ ಫೋನು ಮಾಡಲು ಮುಖವಿರಲಿಲ್ಲ. ಆದರೂ ಮಾಡಿ, ಅಳುಕುತ್ತಲೇ ಕೇಳಿದೆ.

"ಜೆಸಿಬಿ ತಾನೇ? ಬೆಳಿಗ್ಗೆನೇ ಕೇಳಿದ್ರೆ ಕಳಿಸ್ತಿದ್ದೆ," ಎಂದರು. ಸಂಜೆಯೊಳಗೆ ರಾಶಿ ಕರಗಿತ್ತು.

ಎರಡನೆಯ ದಿನ ಪರವಾಗಿಲ್ಲ ಅನ್ನುವ ಹಾಗಿತ್ತು. ಮುಖಂಡನ ದನಿ ಬಯಲಿನ ಮೂಲೆ ಮೂಲೆಗೂ ಕೇಳುತ್ತಿತ್ತು. ಆದರೂ ಕೆಲವರು ನುಗ್ಗಿದರು. ಉಳಿದ ಡ್ರೈವರುಗಳೇ ಅವರನ್ನು ತಡೆದು ನಿಲ್ಲಿಸಿದರು. ಮಾರನೆಯ ದಿನ ನುಗ್ಗಿದವರು ಕಡಿಮೆ. ಅದರ ಮರುದಿನ ಮಧ್ಯಾಹ್ನದೊಳಗೆ ಬಯಲು ಖಾಲಿಯಾಯಿತು. ಈರುಳ್ಳಿ ಯಜಮಾನರು ಸ್ಕೂಟರಿನಲ್ಲಿ ಬಂದು, ಲಾರಿಗಳ ನಡುವೆ ಒಂದು ಸುತ್ತು ಹಾಕಿ, ಏನೂ ಹೇಳದೆ ಹೋದರು. ಅವರು ಏನೂ ಹೇಳಲಿಲ್ಲವೆಂದರೆ ಮಾಲು ಸರಿಯಾಗಿ ತಲುಪಿತೆಂದು ಅರ್ಥ, ಎಂದು ಮುಖಂಡ ವಿವರಿಸಿದ.

ವಾರದ ಕೊನೆಯ ಬೆಳಿಗ್ಗೆ ವೇಗ ಅಳೆಯುವ ಓಟ ಇತ್ತು. ಕಾರ್ಯಪಾಲಕ ಇಂಜಿನಿಯರು ತಾವೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತರು. ವರ್ತುಲ ರಸ್ತೆಯಿಂದ ಹೊರಟೆವು. ಮುಂದೆ ಒಂದು ಸಿಟಿ ಬಸ್ಸು, ಅದರ ಮುಂದೆ ಎರಡು ಲಾರಿ. ಎಲ್ಲವೂ ಓಡುತ್ತಿದ್ದವು. ಲಾರಿಗಳು ಸದಾ ನಿಂತಿರುತ್ತಿದ್ದ ಅಂಚಿನಲ್ಲಿ ಡಾಂಬರು ಕಾಣಿಸುತ್ತಿತ್ತು. ಹಳೆಯ ಬಿಳಿ ಪಟ್ಟಿಯೂ ಅಲ್ಲಲ್ಲಿ ಉಳಿದಿತ್ತು. ಶಾಲೆಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ಆ ಅಂಚಿನಲ್ಲೇ ನಡೆದು ಹೋಗುತ್ತಿದ್ದರು. ಕಾರು ಎಲ್ಲೂ ನಿಲ್ಲದೆ ಅರ್ಧ ದಾರಿ ಬಂದಾಗ ಕಾರ್ಯಪಾಲಕ ಇಂಜಿನಿಯರು ಕಿಟಕಿಯಿಂದ ಹೊರಗೆ ನೋಡುತ್ತಾ, ಯಾರಿಗೆಂದಿಲ್ಲದೆ ಕೇಳಿದರು:

"ಈ ರೋಡು ಇಷ್ಟು ಅಗಲ ಇತ್ತಾ?"

ಮಂಡಿಯ ತುದಿಯಲ್ಲಿ ಇಳಿದಾಗ, "ಮೇಡಂ, ವರದಿ ಬರೀರಿ. ನಾನು ಮೇಲಿನೋರಿಗೆ ಹೇಳ್ತೀನಿ," ಎಂದರು.

ವರದಿ ಬರೆದೆ. ನಾಲ್ಕು ಪಥ ಬೇಡ. ವರ್ತುಲ ರಸ್ತೆಯಾಚೆ ಕಾಯಂ ಲಾರಿ ನಿಲ್ದಾಣ ಬೇಕು. ರಸ್ತೆಯ ಉದ್ದಕ್ಕೂ ಕಾಲುದಾರಿ ಬೇಕು. ಅಗಲ ಮಾಡಬೇಕಾದ್ದು ಲಾರಿಗಳು ಮಂಡಿಗೆ ತಿರುಗುವ ಮೂಲೆಯಲ್ಲಿ ಮಾತ್ರ. ನಿಲ್ದಾಣದ ಒಂದು ಬದಿಗೆ ಟಾರ್ಪಾಲು, ಪಂಕ್ಚರು, ಟೀ, ಹಗ್ಗದವರಿಗೆ ಮಳಿಗೆಗಳು. ಈಗ ಹೆದ್ದಾರಿಯಲ್ಲಿ ಲಾರಿಗಳನ್ನೇ ನಂಬಿರುವವರಿಗೆ ಮೊದಲ ಆದ್ಯತೆ. ಇದನ್ನು ಕೊನೆಯ ಅಧ್ಯಾಯದಲ್ಲಿ ಹಾಕಲಿಲ್ಲ. ಸಂಸ್ಥೆಯ ಮುಖ್ಯಸ್ಥರು ಓದಿ, ಒಂದು ಅಲ್ಪವಿರಾಮವನ್ನೂ ಬದಲಿಸದೆ ಸಹಿ ಮಾಡಿದರು.

ಎಲ್ಲರಿಗೂ ಒಳ್ಳೆಯದಾಯಿತು ಎಂದು ಹೇಳಲಾರೆ. ಆ ಮೂಲೆಯಲ್ಲಿ ಎರಡು ಅಂಗಡಿಗಳ ಮುಂಭಾಗ ಹೋಗಲೇಬೇಕಾಯಿತು. ಅದರಲ್ಲೊಂದು ಬ್ಯಾಟರಿ ಅಂಗಡಿ. ಅದರ ಮಾಲೀಕರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ವರದಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಪ್ರಯೋಗ ನಿಂತು, ಲಾರಿಗಳು ಮತ್ತೆ ರಸ್ತೆಗೆ ಬಂದು, ಎಲ್ಲ ಮುಗಿಯಿತು ಎನ್ನಿಸಿದ ತಿಂಗಳುಗಳೂ ಇದ್ದವು. ಆ ತಿಂಗಳುಗಳಲ್ಲಿ ಕಾರ್ಯಪಾಲಕ ಇಂಜಿನಿಯರು ಸಭೆಯಿಂದ ಸಭೆಗೆ ಆ ಕಡತವನ್ನು ತಾವೇ ಹಿಡಿದುಕೊಂಡು ಹೋಗುತ್ತಿದ್ದರಂತೆ. ಮಂಡಿಯ ವರ್ತಕರು ತಾವಾಗಿಯೇ ಹೋಗಿ, ಆ ಬಯಲು ಮತ್ತೆ ಬೇಕೆಂದು ಕೇಳಿದ್ದು ಕೊನೆಗೆ ಕೆಲಸಕ್ಕೆ ಬಂತು.

ನಿಲ್ದಾಣ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಜಲ್ಲಿ ಹಾಸಿದ ನೆಲ, ಒಳಬರಲು ಒಂದು, ಹೊರಹೋಗಲು ಒಂದು ಬಾಗಿಲು. ಮಳಿಗೆಗಳ ಸಾಲಿನಲ್ಲಿ ಟಾರ್ಪಾಲಿನ ಹೆಂಗಸಿನದು ಎರಡನೆಯದು. ಹಳೆಯ ಅಂಗಡಿಯನ್ನೂ ಇಟ್ಟುಕೊಂಡು ಅಲ್ಲಿ ಸೊಸೆಯನ್ನು ಕೂರಿಸಿದ್ದರು. ಹರಿದ ದೊಡ್ಡ ಟಾರ್ಪಾಲೊಂದನ್ನು ಮಡಿಲ ಮೇಲೆ ಎಳೆದುಕೊಂಡು ಮಿಷನ್ನು ತುಳಿಯುತ್ತಿದ್ದರು. ಅದರ ಡ್ರೈವರು ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತಿದ್ದ.

ಮೈಕಿನಲ್ಲಿ ಒಂದು ಲಾರಿಯ ನಂಬರು ಬಂತು. ಅವನದೇ. ಅವನು ಲೋಟ ಕೆಳಗಿಡಲು ಹೋದ.

"ತಡಿಯಪ್ಪ, ಇನ್ನೊಂದ್ ಮಗ್ಗುಲು ಐತೆ," ಎಂದರು ಅವರು ತಲೆ ಎತ್ತದೆ. "ಅರ್ಧಂಬರ್ಧ ಹೊಲ್ದು ಕೊಟ್ರೆ ನಾಳಿಕೆ ಮತ್ತೆ ಅರೀತದೆ."

ಅವನು ಒಂದು ಕ್ಷಣ ಮಿಷನ್ನಿನ ಕಡೆ ನೋಡಿದ, ಬಾಗಿಲಿನ ಕಡೆ ನೋಡಿದ. ಆಮೇಲೆ ಪಕ್ಕದ ಲಾರಿಯ ಡ್ರೈವರಿಗೆ ಕೈ ಬೀಸಿ, "ನೀನು ಹೋಗಪ್ಪ, ನಂದು ಆಮೇಲೆ ಬತ್ತದೆ," ಎಂದು ಕೂಗಿ ಲೋಟವನ್ನು ಮತ್ತೆ ಬಾಯಿಗೆತ್ತಿದ.